ಕೇಳಿದವರ ಋಣ

1940ರ ಮಾರ್ಚ್‌ನಲ್ಲಿ ಯುವರಾಜ ಕಂಠೀರವ ನರಸಿಂಹರಾಜ ಒಡೆಯರು ತೀರಿಕೊಂಡರು. ಅದೇ ವರ್ಷದ ಆಗಸ್ಟ್ 3ರಂದು ನಾಲ್ವಡಿ ಕೃಷ್ಣರಾಜ ಒಡೆಯರೂ ಹೋದರು. ಐದು ತಿಂಗಳ ಒಳಗೆ ತಂದೆಯನ್ನೂ ದೊಡ್ಡಪ್ಪನನ್ನೂ ಕಳೆದುಕೊಂಡ ಜಯಚಾಮರಾಜೇಂದ್ರ ಒಡೆಯರಿಗೆ ಆಗಿನ್ನೂ ಇಪ್ಪತ್ತೊಂದು. ಮೈಸೂರಿನ ಸಿಂಹಾಸನ ಅವರ ಪಾಲಿಗೆ ಬಂತು. ಪಿಯಾನೊ ಕೈಬಿಟ್ಟಿತು.

ಅರಮನೆಯ ಮಕ್ಕಳು ಹವ್ಯಾಸಕ್ಕೆಂದು ಕಲಿತು ಬಿಡುವ ಪಿಯಾನೊ ಅಲ್ಲ ಅದು. ಸಭೆಯ ಮುಂದೆ ಕೂತು ಕಛೇರಿ ಕೊಡುವ ವಾದಕನಾಗಬೇಕೆಂಬ ಆಸೆ ಆ ಹುಡುಗನಿಗಿತ್ತು. ಆ ಮಟ್ಟದ ವಾದನಕ್ಕೆ ದಿನವೂ ಗಂಟೆಗಟ್ಟಲೆ ಸಾಧನೆ ಬೇಕು, ನಾಲ್ಕು ದಿನ ಬಿಟ್ಟರೆ ಬೆರಳು ಮಾತು ಕೇಳುವುದಿಲ್ಲ. ದರಬಾರು, ಕಡತ, ಎರಡನೆಯ ಮಹಾಯುದ್ಧ, ದಿವಾನರ ಭೇಟಿ ಇವುಗಳ ನಡುವೆ ಅಷ್ಟು ಹೊತ್ತು ಎಲ್ಲಿಂದ ಬರಬೇಕು? ಆದರೂ ಅವರು ವಿದ್ಯೆಯನ್ನು ಪೂರ್ತಿ ಬಿಡಲಿಲ್ಲ. ಲಂಡನ್ನಿನ ಗಿಲ್ಡ್‌ಹಾಲ್ ಸಂಗೀತ ಶಾಲೆಯ ಲೈಸೆನ್ಷಿಯೇಟ್ ಪದವಿ ಪಡೆದರು. 1945ರಲ್ಲಿ ಟ್ರಿನಿಟಿ ಸಂಗೀತ ಕಾಲೇಜು ಅವರಿಗೆ ಗೌರವ ಫೆಲೋ ಮನ್ನಣೆ ಕೊಟ್ಟಿತು. ಆದರೆ ವಾದಕನ ಬದುಕು ಅವರಿಗೆ ಸಿಗಲಿಲ್ಲ, ಇನ್ನು ಸಿಗುವುದೂ ಇಲ್ಲ ಎಂಬುದು ಅವರಿಗೆ ಗೊತ್ತಿತ್ತು.

ತನಗೆ ಸಿಗದೆ ಹೋದದ್ದು ಇನ್ನೊಬ್ಬರ ಕೈಯಲ್ಲಿ ಇರುವುದನ್ನು ನೋಡಿದಾಗ ಮನುಷ್ಯ ಏನು ಮಾಡುತ್ತಾನೆ ಎಂಬುದು ನನ್ನನ್ನು ಬಹಳ ಕಾಲದಿಂದ ಕಾಡುವ ಪ್ರಶ್ನೆ. ಹೆಚ್ಚಿನವರು ಮುಖ ತಿರುಗಿಸುತ್ತಾರೆ. ಕೆಲವರು ತೀರ್ಪುಗಾರರಾಗುತ್ತಾರೆ, ಯಾರು ನುಡಿಸಿದರೂ ಕೊರತೆ ಕಾಣುತ್ತದೆ. ತಮ್ಮ ಮಕ್ಕಳ ಮೇಲೆ ಆ ಆಸೆಯನ್ನು ಹೇರುವವರು ನಮ್ಮ ಬೀದಿಗಳಲ್ಲೇ ಬೇಕಾದಷ್ಟು ಮಂದಿ. ಜಯಚಾಮರಾಜೇಂದ್ರರು ಕೇಳುಗರಾದರು. ಕೇಳುವುದನ್ನು ಅವರು ಒಂದು ಹೊಣೆಯಾಗಿ ತೆಗೆದುಕೊಂಡರು. ಆ ಹೊಣೆ ಲಂಡನ್ನಿನಲ್ಲಿ ಮುದುಕನಾಗುತ್ತಿದ್ದ ಒಬ್ಬ ರಷ್ಯನ್ ಪಿಯಾನೊ ವಾದಕನ ಬಾಗಿಲಿಗೆ ಹೋಗಿ ಮುಟ್ಟಿತು.

ನಿಕೊಲಾಯ್ ಮೆಟ್ನರ್ ಹುಟ್ಟಿದ್ದು 1880ರಲ್ಲಿ, ಮಾಸ್ಕೋದಲ್ಲಿ. ಇಪ್ಪತ್ತನೆಯ ವಯಸ್ಸಿಗೆ ಅಲ್ಲಿನ ಕನ್ಸರ್ವೇಟರಿಯ ಓದು ಮುಗಿಸಿದಾಗ ಅವರ ಮುಂದೆ ವಾದಕನ ದೊಡ್ಡ ಹಾದಿ ತೆರೆದೇ ಇತ್ತು. ಅದನ್ನು ಬಿಟ್ಟು ಅವರು ರಚನೆಗೆ ಕೂತರು. ಹದಿನಾಲ್ಕು ಸೊನಾಟಾ, ವಾದ್ಯವೃಂದದ ಜೊತೆ ನುಡಿಸುವ ಮೂರು ಪಿಯಾನೊ ಕನ್ಚೆರ್ಟೊ, ನೂರಕ್ಕೂ ಹೆಚ್ಚು ಹಾಡು, ಅಜ್ಜಿಕಥೆಗಳೆಂದು ತಾವೇ ಹೆಸರಿಟ್ಟ ಪುಟ್ಟ ಪುಟ್ಟ ಪಿಯಾನೊ ರಚನೆಗಳು: ಹೆಚ್ಚುಕಡಿಮೆ ಎಲ್ಲವೂ ಪಿಯಾನೊದ ಸುತ್ತಲೇ. ಕ್ರಾಂತಿಯ ನಂತರ, 1921ರಲ್ಲಿ, ದೇಶ ಬಿಟ್ಟರು. ಜರ್ಮನಿ, ಫ್ರಾನ್ಸ್ ಸುತ್ತಿ 1930ರ ದಶಕದ ನಡುವೆ ಲಂಡನ್ನಿಗೆ ಬಂದು ನೆಲೆಸಿದರು. ಹೋದಲ್ಲೆಲ್ಲ ಮರ್ಯಾದೆ ಸಿಕ್ಕಿತು, ಕೇಳುವವರು ಮಾತ್ರ ಕಡಿಮೆ. ಕಾಲ ಬದಲಾಗಿತ್ತು. ಸ್ಟ್ರಾವಿನ್ಸ್ಕಿ, ಶೋನ್‌ಬರ್ಗ್ ಅವರ ಹೊಸ ಸಂಗೀತದ ಮಾತು ನಡೆಯುತ್ತಿದ್ದ ಹೊತ್ತಿನಲ್ಲಿ ಮೆಟ್ನರ್ ಹಳೆಯ ದಾರಿಯನ್ನೇ ಹಿಡಿದಿದ್ದರು. ಹಟದಿಂದಲ್ಲ, ನಂಬಿಕೆಯಿಂದ. ಆ ನಂಬಿಕೆಯನ್ನು ಒಂದು ಪುಸ್ತಕವಾಗಿಯೂ ಬರೆದರು. 1935ರಲ್ಲಿ ಅದು ಅಚ್ಚಾಗಲು ನೆರವಾದವರು ಅವರ ಗೆಳೆಯ, ರಚನೆಕಾರರೂ ಪಿಯಾನೊ ವಾದಕರೂ ಆದ ರಖ್ಮಾನಿನೋವ್. ಆ ಇಬ್ಬರ ಸ್ನೇಹ ಎಷ್ಟು ಗಟ್ಟಿ ಎಂದರೆ ರಖ್ಮಾನಿನೋವ್ ತಮ್ಮ ನಾಲ್ಕನೆಯ ಕನ್ಚೆರ್ಟೊವನ್ನು ಮೆಟ್ನರ್‌ಗೆ ಅರ್ಪಿಸಿದರು, ಮೆಟ್ನರ್ ತಮ್ಮ ಎರಡನೆಯದನ್ನು ರಖ್ಮಾನಿನೋವ್‌ಗೆ. ಒಬ್ಬರು ಅಮೆರಿಕದ ಸಭಾಂಗಣಗಳನ್ನು ತುಂಬಿಸಿದರು. ಇನ್ನೊಬ್ಬರು ಮನೆಪಾಠ ಹೇಳಿ ಬದುಕಿದರು.

ಯುದ್ಧ ಬಂದಾಗ ಜರ್ಮನಿಯ ಪ್ರಕಾಶಕರಿಂದ ಬರುತ್ತಿದ್ದ ಹಣ ನಿಂತಿತು. ಮೆಟ್ನರ್ ಕಾಯಿಲೆ ಬಿದ್ದರು. ಎಡ್ನಾ ಐಲ್ಸ್ ಎಂಬ ಶಿಷ್ಯೆ ಅವರನ್ನು ವಾರಿಕ್‌ಶೈರಿಗೆ ಕರೆದೊಯ್ದು ಆಸರೆ ಕೊಟ್ಟರು. ಮೂರನೆಯ ಕನ್ಚೆರ್ಟೊ ಮುಗಿದದ್ದು ಅಲ್ಲಿ. 1944ರಲ್ಲಿ ಅದು ಮೊದಲ ಬಾರಿಗೆ ಸಭೆಯ ಮುಂದೆ ಬಂತು. ಗುರುವನ್ನು ಶಿಷ್ಯೆ ಮನೆಯಲ್ಲಿಟ್ಟುಕೊಂಡು ಸಾಕುವುದು ನಮಗೆ ಹೊಸದಲ್ಲ, ಇಲ್ಲಿನ ಎಷ್ಟೋ ವಿದ್ವಾಂಸರ ಕೊನೆಗಾಲ ಹಾಗೇ ಕಳೆದಿದೆ. ಆದರೆ ಆಸರೆಯಿಂದ ಉಳಿಯುವುದು ಜೀವ. ವಾದನ ಉಳಿಯಬೇಕಾದರೆ ಇನ್ನೇನೋ ಬೇಕು. ಆ ಇನ್ನೇನೋ ಬಂದದ್ದು ಮೈಸೂರಿನಿಂದ.

ಮೆಟ್ನರ್ ಬರೆದದ್ದನ್ನೆಲ್ಲ ಅವರ ಕೈಯಲ್ಲೇ ನುಡಿಸಿ ಗ್ರಾಮಫೋನ್ ತಟ್ಟೆಗೆ ಇಳಿಸಬೇಕು, ಖರ್ಚು ತಮ್ಮದು ಎಂದರು ಮಹಾರಾಜರು. ಮೆಟ್ನರ್ ಸೊಸೈಟಿ ಹುಟ್ಟಿದ್ದು ಇದಕ್ಕಾಗಿ. 1947ರಲ್ಲಿ ಕನ್ಚೆರ್ಟೊಗಳ ಧ್ವನಿಮುದ್ರಣ ನಡೆಯಿತು. ಫಿಲ್‌ಹಾರ್ಮೋನಿಯಾ ವಾದ್ಯವೃಂದ ಜೊತೆಗಿತ್ತು. ಆಗ ಮೆಟ್ನರ್‌ಗೆ ಅರವತ್ತೇಳು.

ಆ ಕಾಲದ ಮುದ್ರಣ ಹೇಗಿತ್ತೆಂದು ತಿಳಿದುಕೊಂಡರೆ ಆ ಮುದುಕರ ಶ್ರಮ ಅರ್ಥವಾಗುತ್ತದೆ. ನಿಮಿಷಕ್ಕೆ 78 ಸುತ್ತು ತಿರುಗುವ ಹನ್ನೆರಡು ಅಂಗುಲದ ತಟ್ಟೆಯ ಒಂದು ಬದಿಗೆ ಹಿಡಿಸುತ್ತಿದ್ದದ್ದು ನಾಲ್ಕು ನಾಲ್ಕೂವರೆ ನಿಮಿಷದ ಸಂಗೀತ. ಮೂರನೆಯ ಕನ್ಚೆರ್ಟೊ ಮೂವತ್ತು ನಿಮಿಷ ಮೀರಿದ್ದು. ಹಾಗಾಗಿ ಅದನ್ನು ತುಂಡು ತುಂಡಾಗಿ ನುಡಿಸಬೇಕು. ಭಾವ ಏರುತ್ತಿರುವ ನಟ್ಟನಡುವೆ ನಿಲ್ಲಿಸಬೇಕು, ತಟ್ಟೆ ಬದಲಾಗುವ ತನಕ ಕಾಯಬೇಕು, ಆಮೇಲೆ ಅದೇ ಲಯ ಅದೇ ಬಿಸಿಯಲ್ಲಿ ಮುಂದುವರಿಸಬೇಕು. ಅರ್ಧ ಬೆಂದ ಅನ್ನವನ್ನು ಒಲೆಯಿಂದ ಇಳಿಸಿ ಮತ್ತೆ ಇಟ್ಟರೂ ಅಗುಳು ಕೆಡದಂತೆ ನೋಡಿಕೊಳ್ಳುವ ಕೆಲಸ ಅದು. ಕತ್ತರಿಸಿ ಅಂಟಿಸುವ ಅನುಕೂಲ ಇರಲಿಲ್ಲ. ಒಂದು ಬೆರಳು ಜಾರಿದರೆ, ಒಬ್ಬ ಪಿಟೀಲಿನವನ ಬಿಲ್ಲು ಸ್ಟ್ಯಾಂಡಿಗೆ ತಾಗಿದರೆ, ಆ ಬದಿಯನ್ನು ಮೊದಲಿನಿಂದ ನುಡಿಸಬೇಕು. ಅರವತ್ತೇಳರ, ಕಾಯಿಲೆಯ, ಜಗತ್ತು ಮರೆತಿದ್ದ ಮನುಷ್ಯ ಇದನ್ನೆಲ್ಲ ಮಾಡಿದರು. ಮೂರೂ ಕನ್ಚೆರ್ಟೊ ಮುಗಿಸಿದರು. ಕೆಲವು ಸೊನಾಟಾ, ಚಿಕ್ಕ ರಚನೆಗಳು, ಹಾಡುಗಳು ಆದವು. ಒಂದು ರಷ್ಯನ್ ಕುಣಿತವನ್ನು ಬೆನ್ನೊ ಮೊಯ್ಸೆವಿಚ್ ಜೊತೆ ಎರಡು ಪಿಯಾನೊದಲ್ಲಿ ನುಡಿಸಿದರು. ಎಲಿಜಬೆತ್ ಶ್ವಾರ್ಟ್ಸ್‌ಕೋಫ್ ಹಾಡಿದಾಗ ಪಕ್ಕದಲ್ಲಿ ಕೂತು ಪಿಯಾನೊ ನುಡಿಸಿದವರೂ ಅವರೇ. ಎಲ್ಲವೂ ಮುಗಿಯಲಿಲ್ಲ. 1951ರ ನವೆಂಬರ್ 13ರಂದು ಮೆಟ್ನರ್ ತೀರಿಕೊಂಡರು.

ಆ ತಟ್ಟೆಗಳು ಅರಗಿನವು. ಶೆಲ್ಯಾಕ್ ಎಂದು ಜಗತ್ತು ಕರೆಯುವ ಈ ಅರಗು ಬಹುಪಾಲು ಹೋಗುತ್ತಿದ್ದದ್ದು ನಮ್ಮ ದೇಶದಿಂದಲೇ. ಛೋಟಾನಾಗಪುರದ ಕಾಡುಗಳಲ್ಲಿ ಮುತ್ತುಗ, ಕುಸುಮ, ಬೋರೆ ಮರಗಳ ಕೊಂಬೆಗೆ ಕೂತ ಸಣ್ಣ ಹುಳು ಸ್ರವಿಸುವ ಅಂಟನ್ನು ಆದಿವಾಸಿಗಳು ಕೆರೆದು ತೆಗೆಯುತ್ತಿದ್ದರು. ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವ ಅರಗು ಇದೇ. ಹಡಗು ಹತ್ತಿ ಹೋದ ಆ ಅರಗು ಕಲ್ಲಿನ ಪುಡಿ, ಮಸಿಯ ಜೊತೆ ಬೆರೆತು ತಟ್ಟೆಯಾಗಿ, ಅದರ ಮೇಲೆ ಮಾಸ್ಕೋದವನೊಬ್ಬನ ಬೆರಳು ಮೂಡಿ, ಮತ್ತೆ ಮೈಸೂರಿನ ಅರಮನೆಗೆ ಬಂತು. ಸಂಗೀತ ಒಂದು ದೇಶದ್ದು ಎನ್ನುವವರಿಗೆ ಈ ಅರಗಿನ ಪಯಣವನ್ನು ಹೇಳಬೇಕೆನಿಸುತ್ತದೆ.

ಇನ್ನೊಂದು ಮಾತನ್ನೂ ಸೇರಿಸಬೇಕು. ಮೆಟ್ನರ್ ತಟ್ಟೆಗಳು ಹೊರಬರುವ ಹೊತ್ತಿಗೆ ಆ ತಟ್ಟೆಯ ಕಾಲವೇ ಮುಗಿಯುತ್ತಿತ್ತು. 1948ರಲ್ಲಿ ಅಮೆರಿಕದಲ್ಲಿ ಎಲ್‌ಪಿ ಬಂತು. ಒಂದು ಬದಿಗೆ ಇಪ್ಪತ್ತು ನಿಮಿಷಕ್ಕೂ ಹೆಚ್ಚು ಹಿಡಿಸುವ, ಬಿದ್ದರೆ ಒಡೆಯದ ತಟ್ಟೆ ಅದು. ಬರಬರುತ್ತ 78ರ ತಟ್ಟೆಗಳು ಅಂಗಡಿಯಿಂದ ಮಾಯವಾದವು. ಮೆಟ್ನರ್ ಮತ್ತೆ ಮರೆವಿಗೆ ಸಂದರು. ದಶಕಗಳ ನಂತರ ಹಳೆಯ ತಟ್ಟೆಗಳಿಂದ ಸಿಡಿಗೆ ಇಳಿಸಿದಾಗಲೇ ಆ ವಾದನ ಜನರಿಗೆ ಮರಳಿ ಸಿಕ್ಕಿತು. ಇವತ್ತು ಮಾರ್ಕ್-ಆಂಡ್ರೆ ಹ್ಯಾಮ್ಲಿನ್‌ರಂಥವರು ಮೆಟ್ನರ್ ಸೊನಾಟಾಗಳನ್ನೆಲ್ಲ ನುಡಿಸಿ ಮುದ್ರಿಸಿದ್ದಾರೆ. ಹೊಸ ವಾದಕರು ಆ ರಚನೆಗಳ ಮುಂದೆ ಕೂತಾಗ ಕರ್ತೃವೇ ಹೇಗೆ ನುಡಿಸುತ್ತಿದ್ದರೆಂದು ಕೇಳಿ ನೋಡಬಹುದು. ಮೈಸೂರಿನ ಹಣ ಇಲ್ಲದಿದ್ದರೆ ಅಂಥ ಆಕರದ ಹೆಚ್ಚಿನ ಪಾಲು ಇರುತ್ತಲೇ ಇರಲಿಲ್ಲ.

ಮೆಟ್ನರ್ ತಮ್ಮ ಮೂರನೆಯ ಕನ್ಚೆರ್ಟೊವನ್ನು ಮೈಸೂರು ಮಹಾರಾಜರಿಗೆ ಅರ್ಪಿಸಿದರು. ನನಗೆ ಇದರಲ್ಲಿ ಮುಖ್ಯವಾಗಿ ಕಾಣುವುದು ಇಷ್ಟು: ಆ ರಚನೆ ಮಹಾರಾಜರು ಬರೆಸಿದ್ದಲ್ಲ. ಅವರ ನೆರವು ಬರುವ ಮೊದಲೇ ಅದು ಮುಗಿದಿತ್ತು. ಆಶ್ರಯ ಕೊಟ್ಟವರ ಹೊಗಳಿಕೆಗೆ ಹುಟ್ಟಿದ ಕಲೆ ನಮ್ಮಲ್ಲೂ ಬೇಕಾದಷ್ಟಿದೆ, ಅದರಲ್ಲಿ ಒಳ್ಳೆಯದೂ ಇದೆ. ಇಲ್ಲಿ ನಡೆದದ್ದು ಬೇರೆ. ಒಬ್ಬ ಕಲಾವಿದ ಯಾರಿಗೂ ಬೇಡವಾದರೂ ತನಗೆ ಸರಿಕಂಡದ್ದನ್ನು ಬರೆದಿಟ್ಟಿದ್ದ. ಒಬ್ಬ ಕೇಳುಗ, ನೀನು ಬರೆದದ್ದು ಬರೆದ ಹಾಗೇ ಇರಲಿ, ನಿನ್ನ ಕೈಯಲ್ಲೇ ಇರಲಿ ಎಂದ.

ಅಂಥ ಕೇಳುಗರು ಈಗ ಎಲ್ಲಿದ್ದಾರೆ ಎಂದು ನನ್ನ ಸುತ್ತ ನೋಡುತ್ತೇನೆ. ನಾನಿರುವುದು ಬೆಂಗಳೂರಿನ ಇಟ್ಟಮಡುವಿನಲ್ಲಿ. ಬನಶಂಕರಿ ಮೂರನೇ ಹಂತದ ಪಕ್ಕ, ಕತ್ರಿಗುಪ್ಪೆಗೂ ರಿಂಗ್ ರೋಡಿಗೂ ಹತ್ತಿರದ ಊರು. ಊರು ಎನ್ನುತ್ತೇನೆ, ಏಕೆಂದರೆ ಹಳೆಯ ಹಳ್ಳಿಯ ಓಣಿಗಳ ತಿರುವು ಇಲ್ಲಿನ ರಸ್ತೆಗಳಲ್ಲಿ ಇನ್ನೂ ಉಳಿದಿದೆ. ಚಿಕ್ಕ ಸೈಟುಗಳ ಮೇಲೆ ಮೂರು ನಾಲ್ಕು ಮಹಡಿ ಎದ್ದಿವೆ, ಗೋಡೆಗೆ ಗೋಡೆ ತಾಗಿದೆ. ಒಂದು ಮನೆಯ ಒಗ್ಗರಣೆ ಇನ್ನೊಂದು ಮನೆಯ ಮೂಗಿಗೆ, ಒಂದು ಮನೆಯ ಧಾರಾವಾಹಿ ಇನ್ನೊಂದು ಮನೆಯ ಕಿವಿಗೆ. ಬೆಳಗ್ಗೆ ಕಸದ ಆಟೊ ಹಾಡು ಹಾಕಿಕೊಂಡು ಬರುತ್ತದೆ. ಆಮೇಲೆ ತರಕಾರಿ ಗಾಡಿ. ಅದರ ಕೂಗು ಈಗ ಮುದ್ರಿಸಿಟ್ಟದ್ದು. ಗಾಡಿಯ ಮೂಲೆಗೆ ಕಟ್ಟಿದ ಪುಟ್ಟ ಸ್ಪೀಕರಿನಿಂದ ಈರುಳ್ಳಿ ಟೊಮೇಟೊ ಬೆಲೆ ಮತ್ತೆ ಮತ್ತೆ ಕೇಳುತ್ತದೆ, ಅದರ ಪಕ್ಕ ಆ ಧ್ವನಿಯ ಯಜಮಾನ ಬಾಯಿ ಮುಚ್ಚಿ ತಕ್ಕಡಿಯಲ್ಲಿ ತೂಗುತ್ತಾ ನಿಂತಿರುತ್ತಾನೆ. ಅವನ ಗಂಟಲಿಗೆ ಒಂದಿಷ್ಟು ವಿಶ್ರಾಂತಿ ಸಿಕ್ಕಿದೆ, ಅದು ಒಳ್ಳೆಯದೇ. ಆದರೆ ದಿನವಿಡೀ ನಮ್ಮ ಸುತ್ತ ಮುದ್ರಿತ ಧ್ವನಿಗಳೇ ಓಡಾಡುತ್ತಿರುವಾಗ ಅವುಗಳಲ್ಲಿ ಯಾವುದನ್ನು ನಾವು ನಿಜವಾಗಿ ಕೇಳುತ್ತೇವೆ?

ಸಂಜೆ ಆರಾದ ಮೇಲೆ ದಿನಸಿ ಅಂಗಡಿಯ ಮೇಲಿನ ಮಹಡಿಯಲ್ಲಿ ಕೀಬೋರ್ಡ್ ಕ್ಲಾಸು. ಅಲ್ಲಿ ಕಲಿಯುವ ಮಕ್ಕಳು ಹೆಚ್ಚಿನವರು ಟ್ರಿನಿಟಿ ಗ್ರೇಡ್ ಪರೀಕ್ಷೆಗೆ ಕೂರುತ್ತಾರೆ. ಮಹಾರಾಜರಿಗೆ ಮನ್ನಣೆ ಕೊಟ್ಟ ಆ ಕಾಲೇಜಿನಿಂದಲೇ ಬೆಳೆದುಬಂದ ಪರೀಕ್ಷಾ ಮಂಡಳಿ ಅದು. ಒಂದು ಹುಡುಗಿ, ಎಂಟೊಂಬತ್ತು ವರ್ಷ ಇರಬಹುದು, ಎಡಗೈಯ ಒಂದು ತುಣುಕನ್ನು ನುಡಿಸಿ ಒಂದೇ ಕಡೆ ಎಡವುತ್ತಾಳೆ. ಹೆಬ್ಬೆರಳು ಉಳಿದ ಬೆರಳುಗಳ ಕೆಳಗಿನಿಂದ ನುಸುಳಿ ಮುಂದಿನ ಮಣೆ ಹಿಡಿಯಬೇಕಾದ ಕಡೆ. ಅಲ್ಲಿ ಒಂದು ಕ್ಷಣ ಮೌನ, ಮತ್ತೆ ಮೊದಲಿನಿಂದ. ಕೆಳಗೆ ಮೆಟ್ಟಿಲ ಮೇಲೆ ಅವಳ ತಾಯಿ ಫೋನ್ ನೋಡುತ್ತಾ ಕಾಯುತ್ತಿರುತ್ತಾರೆ. ಅರವತ್ತೊಂದು ಮಣೆಯ ಕೀಬೋರ್ಡ್ ಅದು, ಎಂಬತ್ತೆಂಟು ಮಣೆಯ ಪಿಯಾನೊ ಈ ಓಣಿಯ ಮೆಟ್ಟಿಲು ಹತ್ತುವುದೂ ಕಷ್ಟ. ಆ ಹುಡುಗಿಗೆ ಒಂದು ದಿನ ಪಿಯಾನೊ ಸಿಗಬಹುದು, ಸಿಗದೆಯೂ ಹೋಗಬಹುದು. ಆದರೆ ಅವಳು ಎಡವಿದ ಕಡೆಗೆ ಮತ್ತೆ ಮತ್ತೆ ಮರಳುವುದನ್ನು ಕೇಳುವ ಒಂದು ಕಿವಿ ಬೇಕು. ಪರೀಕ್ಷೆಯ ಅಂಕಕ್ಕೆ ಮೊದಲು ಅದು ಬೇಕು. ಆ ತಾಯಿ ಒಮ್ಮೆ ಫೋನಿನಿಂದ ತಲೆಯೆತ್ತಿ ಆ ತುಣುಕಿನ ಕಡೆ ಕಿವಿಗೊಟ್ಟರೆ ಮಗಳ ಬೆರಳಿಗೆ ಅದು ತಿಳಿಯುತ್ತದೆ ಎಂದು ನಾನು ನಂಬುತ್ತೇನೆ.

ಎಲ್ಲ ಕಲಾವಿದರೂ ತಮ್ಮ ಕೈಯನ್ನು ತಟ್ಟೆಗೆ ಒಪ್ಪಿಸುವುದಿಲ್ಲ ಎಂಬುದೂ ನಿಜ. ಹಂಗೇರಿಯ ಆನಿ ಫಿಶರ್ ಎಂಟನೆಯ ವಯಸ್ಸಿನಲ್ಲೇ ಬೀಥೋವನ್ನರ ಮೊದಲ ಕನ್ಚೆರ್ಟೊ ನುಡಿಸಿದ ಮಗು. ಬುಡಾಪೆಸ್ಟಿನ ಲಿಸ್ಟ್ ಅಕಾಡೆಮಿಯಲ್ಲಿ ದೋಹ್ನಾನಿ ಅವರ ಬಳಿ ಕಲಿತರು. ಯಹೂದಿ ಮನೆತನದವರಾದ್ದರಿಂದ 1940ರಲ್ಲಿ ಗಂಡನೊಡನೆ ಸ್ವೀಡನ್ನಿಗೆ ಹೋಗಬೇಕಾಯಿತು. ಯುದ್ಧ ಮುಗಿದ ಮೇಲೆ ಬುಡಾಪೆಸ್ಟಿಗೇ ಮರಳಿದರು. ಅವರಿಗೆ ಸ್ಟುಡಿಯೋ ಎಂದರೆ ಇಷ್ಟವಿರಲಿಲ್ಲ. ಎದುರಿಗೆ ಕೇಳುವ ಜನ ಇಲ್ಲದೆ ನುಡಿಸಿದ್ದು ಉಸಿರು ಕಟ್ಟಿದ ಸಂಗೀತ ಎಂಬುದು ಅವರ ಭಾವನೆ. ಹಾಗಿದ್ದೂ 1977ರಲ್ಲಿ ಬೀಥೋವನ್ನರ ಮೂವತ್ತೆರಡು ಸೊನಾಟಾಗಳ ಮುದ್ರಣಕ್ಕೆ ಕೂತರು. ಹದಿನೈದು ವರ್ಷ ಅದರ ಹಿಂದೆ ಬಿದ್ದರು. ನುಡಿಸಿದ್ದನ್ನು ಕೇಳುವುದು, ಸಾಲದೆನ್ನುವುದು, ಮತ್ತೆ ನುಡಿಸುವುದು. ಬದುಕಿರುವ ತನಕ ಅದನ್ನು ಹೊರಬಿಡಲು ಒಪ್ಪಲಿಲ್ಲ. 1995ರಲ್ಲಿ ಅವರು ತೀರಿಕೊಂಡ ಮೇಲೆಯೇ ಆ ಸೊನಾಟಾಗಳು ಜನರ ಕೈಗೆ ಬಂದವು, ಈಗ ಅದನ್ನು ಅವರ ಬಾಳಿನ ದೊಡ್ಡ ಕಾಣಿಕೆ ಎನ್ನುತ್ತಾರೆ.

ಮೆಟ್ನರ್ ಮತ್ತು ಫಿಶರ್, ಇಬ್ಬರಲ್ಲಿ ಯಾರ ದಾರಿ ಸರಿ? ಮೆಟ್ನರ್‌ಗೆ ಕೇಳುವ ಜನ ಇರಲಿಲ್ಲ, ಅದಕ್ಕೇ ತಟ್ಟೆ ಬೇಕಾಯಿತು. ಫಿಶರ್‌ಗೆ ಜನ ಇದ್ದರು, ಅದಕ್ಕೇ ತಟ್ಟೆ ಸಾಲಲಿಲ್ಲ. ಇಬ್ಬರೂ ನುಡಿಸುತ್ತಿದ್ದದ್ದು ಎದುರಿಗಿರುವ ಒಂದು ಕಿವಿಗಾಗಿ. ಆ ಕಿವಿಯನ್ನು ಬಿಟ್ಟು ಸಂಗೀತ ಪೂರ್ತಿಯಾಗುವುದಿಲ್ಲ ಎಂಬುದರಲ್ಲಿ ಅವರಿಬ್ಬರಿಗೂ ಅನುಮಾನವಿರಲಿಲ್ಲ. ಕೊಡುವವರು ತಮ್ಮಲ್ಲಿರುವ ಅತ್ಯುತ್ತಮವನ್ನೇ ಕೊಡಬೇಕೆಂದು ಹದಿನೈದು ವರ್ಷ ಕಾದಿರುವಾಗ, ತೆಗೆದುಕೊಳ್ಳುವವರು ಒಂದು ಅರ್ಧ ಗಂಟೆ ಸುಮ್ಮನೆ ಕೂರುವುದು ಹೆಚ್ಚಿನ ಮಾತಲ್ಲ.

ಈಗ ಹಣದ ಮಾತು. ಇದನ್ನು ತಪ್ಪಿಸಿಕೊಂಡು ಮಹಾರಾಜರನ್ನು ಕೊಂಡಾಡುವುದು ನನಗೆ ಒಪ್ಪುವುದಿಲ್ಲ.

ಫಿಲ್‌ಹಾರ್ಮೋನಿಯಾ ವಾದ್ಯವೃಂದವನ್ನು ಕಟ್ಟಿದ ವಾಲ್ಟರ್ ಲೆಗ್ ಮೈಸೂರಿಗೆ ಬಂದಿದ್ದರು. ಅರಮನೆಯ ತಟ್ಟೆಗಳ ಸಂಗ್ರಹ, ದೊಡ್ಡ ದೊಡ್ಡ ಕಛೇರಿ ಪಿಯಾನೊಗಳು ಇವನ್ನೆಲ್ಲ ಕಂಡು ಬೆರಗಾದದ್ದನ್ನು ಅವರೇ ಬರೆದುಕೊಂಡಿದ್ದಾರೆ. ವಾದ್ಯವೃಂದ ತನ್ನ ಕಾಲ ಮೇಲೆ ನಿಲ್ಲಲೆಂದು ವರ್ಷಕ್ಕೆ 10,000 ಪೌಂಡಿನಂತೆ ಮೂರು ವರ್ಷ ನೆರವು ಕೊಡಲು ಮಹಾರಾಜರು ಒಪ್ಪಿದರು. 1948ರಲ್ಲಿ ಫಿಲ್‌ಹಾರ್ಮೋನಿಯಾ ಕನ್ಸರ್ಟ್ ಸೊಸೈಟಿಯ ಮೊದಲ ಅಧ್ಯಕ್ಷರಾದರು. ಆಗಿನ ದರದಲ್ಲಿ 10,000 ಪೌಂಡು ಎಂದರೆ ಸುಮಾರು 1,33,000 ರೂಪಾಯಿ. ಅದೇ ಹೊತ್ತಿಗೆ ಮೈಸೂರಿನಲ್ಲಿ ಏನು ನಡೆಯುತ್ತಿತ್ತು? ದೇಶಕ್ಕೆ ಸ್ವಾತಂತ್ರ್ಯ ಬಂದರೂ ಸಂಸ್ಥಾನದಲ್ಲಿ ಜವಾಬ್ದಾರಿ ಸರ್ಕಾರ ಇರಲಿಲ್ಲ. 1947ರ ಸೆಪ್ಟೆಂಬರಿನಲ್ಲಿ ಮೈಸೂರು ಚಲೋ ಚಳವಳಿ ಎದ್ದಿತು. ಹುಡುಗರು ಶಾಲೆ ಬಿಟ್ಟು ಬೀದಿಗೆ ಬಂದರು, ಜನ ಜೈಲಿಗೆ ಹೋದರು, ಗುಂಡಿಗೆ ಎದೆಕೊಟ್ಟರು. ಅಕ್ಟೋಬರಿನಲ್ಲಿ ಕೆ.ಸಿ. ರೆಡ್ಡಿ ಅವರ ಮಂತ್ರಿಮಂಡಲ ಬಂದ ಮೇಲೆಯೇ ಅದು ತಣ್ಣಗಾದದ್ದು. ಅಕ್ಕಿ ಪಡಿತರದಲ್ಲಿ ಸಿಗುತ್ತಿದ್ದ ಕಾಲ. ಲಂಡನ್ನಿನ ಪಿಟೀಲಿನವರಿಗೆ ಮೈಸೂರಿನ ಹಣ ಯಾಕೆ ಹೋಗಬೇಕಿತ್ತು ಎಂದು ಯಾರಾದರೂ ಕೇಳಿದರೆ ಆ ಪ್ರಶ್ನೆಗೆ ತಲೆಬಾಗಬೇಕು.

ಅದೇ ಮಹಾರಾಜರು ಋಗ್ವೇದವನ್ನು ಕನ್ನಡಕ್ಕೆ ತರಿಸಿ ಗ್ರಂಥಮಾಲೆಯಲ್ಲಿ ಸಂಪುಟ ಸಂಪುಟವಾಗಿ ಅಚ್ಚು ಹಾಕಿಸಿದರು. ವೀಣೆ ಕಲಿತು, ಮೈಸೂರು ವಾಸುದೇವಾಚಾರ್ಯರಂಥ ಹಿರಿಯರ ಒಡನಾಟದಲ್ಲಿ ಕರ್ನಾಟಕ ಸಂಗೀತಕ್ಕೆ ಹೊರಳಿ, ಶ್ರೀವಿದ್ಯಾ ಅಂಕಿತದಲ್ಲಿ 94 ಕೃತಿ ರಚಿಸಿದರು. ಇದನ್ನೆಲ್ಲ ಹೇಳಿ ಲೆಕ್ಕ ಸರಿದೂಗಿಸಬಹುದು. ನನಗೆ ಆ ಸರಿದೂಗಿಸುವಿಕೆ ಬೇಡ. ನನ್ನ ವಾದ ಬೇರೆ. ಆ ಹಣ ಆಕಾಶದಿಂದ ಬಿದ್ದದ್ದಲ್ಲ ಎಂದಾದರೆ, ಮೆಟ್ನರ್ ತಟ್ಟೆಗಳಲ್ಲಿ ಕೋಲಾರದ ಗಣಿಯ ಆಳಕ್ಕೆ ಇಳಿದವರ, ಮಂಡ್ಯದ ಕಬ್ಬಿನ ಗದ್ದೆಯವರ, ರೇಷ್ಮೆಯ ಗೂಡು ಬಿಡಿಸಿದ ಹೆಂಗಸರ ಬೆವರಿನ ಪಾಲಿದೆ. ಅವರನ್ನು ಯಾರೂ ಕೇಳಲಿಲ್ಲ, ಅದು ಅನ್ಯಾಯವೇ. ಆದರೆ ಬೆಲೆ ತೆತ್ತವರು ಅವರಾದ್ದರಿಂದ ಆ ಸಂಗೀತ ಅವರದೂ ಹೌದು, ಅವರ ಮಕ್ಕಳು ಮೊಮ್ಮಕ್ಕಳದೂ ಹೌದು. ಪಿಯಾನೊ ಎಂದರೆ ಕಂಟೋನ್ಮೆಂಟಿನವರದ್ದು, ವೀಣೆ ಎಂದರೆ ಬಸವನಗುಡಿಯವರದ್ದು, ಇಟ್ಟಮಡುವಿನವರಿಗೆ ಗಣೇಶನ ಪೆಂಡಾಲಿನ ಸ್ಪೀಕರೇ ಸಾಕು ಎಂಬ ಹಂಚಿಕೆಯನ್ನು ಯಾರು ಮಾಡಿದರು? ನಮ್ಮ ಹಿರಿಯರ ದುಡಿಮೆಯಿಂದ ಉಳಿದ ಒಂದು ವಾದನವನ್ನು ನಾವು ಕೇಳದೆ ಬಿಟ್ಟರೆ ಅನ್ಯಾಯ ಎರಡು ಸಲ ಆದಂತೆ. ಅವರಿಂದ ತೆಗೆದುಕೊಂಡದ್ದು ಒಂದು, ಅವರ ವಾರಸುದಾರರಿಗೆ ಮುಟ್ಟದೆ ಹೋದದ್ದು ಇನ್ನೊಂದು.

ಋಣ ಎಂದು ನಾನು ಹೇಳುತ್ತಿರುವುದು ಇದನ್ನೇ. ಕೇಳಿದವರು ಕೈ ಕೊಡವಿಕೊಂಡು ಎದ್ದು ಹೋಗುವ ಹಾಗಿಲ್ಲ. ಮಹಾರಾಜರು ತಮ್ಮ ಪಾಲಿನದನ್ನು ಹಣದಲ್ಲಿ ತೀರಿಸಿದರು. ಹಣವಿಲ್ಲದವರೂ ತೀರಿಸಿದ್ದಾರೆ. ವಾಸುದೇವಾಚಾರ್ಯರು ಇಳಿವಯಸ್ಸಿನಲ್ಲಿ ತಾವು ಎದುರಿಗೆ ಕೂತು ಕೇಳಿದ ವಿದ್ವಾಂಸರ ಬಗ್ಗೆ ‘ನಾ ಕಂಡ ಕಲಾವಿದರು’ ಬರೆದರು. ತಟ್ಟೆಗೆ ಇಳಿಯದ ಎಷ್ಟೋ ಹಾಡಿಕೆ, ನುಡಿಸಾಣಿಕೆ ಹೇಗಿತ್ತೆಂದು ನಾವು ಇಷ್ಟಾದರೂ ಊಹಿಸುವುದು ಅಂಥ ಪುಸ್ತಕಗಳಿಂದ. ಒಳ್ಳೆಯ ಕೇಳುಗನ ಮಾತು ತಟ್ಟೆಯ ಕೆಲಸವನ್ನು ಒಂದಿಷ್ಟಾದರೂ ಮಾಡಬಲ್ಲದು.

ನಮ್ಮ ಜೇಬಿನಲ್ಲಿ ಈಗ ಇರುವ ಯಂತ್ರ 1947ರ ಲಂಡನ್ ಸ್ಟುಡಿಯೋಗೆ ಸಾಧ್ಯವಿಲ್ಲದ್ದನ್ನು ಮಾಡುತ್ತದೆ. ನಾಲ್ಕು ನಿಮಿಷಕ್ಕೆ ನಿಲ್ಲಿಸಬೇಕಿಲ್ಲ, ಇಡೀ ಸಂಜೆಯನ್ನು ಹಿಡಿದಿಡಬಹುದು. ನಮ್ಮ ಓಣಿಯಲ್ಲಿ ಹಸೆಗೆ ಕರೆಯುವ ಹಾಡು, ಆರತಿ ಹಾಡು, ಎಣ್ಣೆಶಾಸ್ತ್ರದ ಹಾಡುಗಳನ್ನು ನಡುವೆ ಒಂದು ಸಾಲೂ ಮರೆಯದೆ ಹೇಳುವ ಅಜ್ಜಿಯರು ಇನ್ನೂ ಇದ್ದಾರೆ. ಮದುವೆ ಮನೆಯಲ್ಲಿ ಈಗ ಅವರನ್ನು ಯಾರೂ ಹಾಡಿ ಎನ್ನುವುದಿಲ್ಲ, ಡಿಜೆ ಬಂದಿರುತ್ತದೆ. ಮೊಮ್ಮಕ್ಕಳ ಫೋನಿನಲ್ಲಿ ಯಾರ್ಯಾರೋ ಕಳಿಸಿದ ನೂರಾರು ವಿಡಿಯೋ ಇವೆ, ಅಜ್ಜಿಯ ಧ್ವನಿ ಇಲ್ಲ. ಅವರನ್ನು ಕೂರಿಸಿ, ಫ್ಯಾನ್ ಆರಿಸಿ, ಕಿಟಕಿ ಮುಚ್ಚಿ, ಹಾಡಿಸಿಕೊಳ್ಳಿ. ಹಾಡು ಯಾರಿಂದ ಕಲಿತದ್ದು, ಯಾವ ಊರಿನದು, ಯಾವ ಹೊತ್ತಿಗೆ ಹಾಡುವುದು ಎಂದು ಕೇಳಿ. ಬೇಡ ಎಂದರೆ ಒತ್ತಾಯ ಬೇಡ. ಆನಿ ಫಿಶರ್ ಅವರ ‘ಬೇಡ’ಕ್ಕೆ ಎಷ್ಟು ಮರ್ಯಾದೆಯೋ ನಮ್ಮ ಅಜ್ಜಿಯ ‘ಬೇಡ’ಕ್ಕೂ ಅಷ್ಟೇ. ಆಗ ಫೋನ್ ಕೆಳಗಿಟ್ಟು ಸುಮ್ಮನೆ ಕೇಳಿ.

ಕೊನೆಗೆ ಮತ್ತೆ ಮಹಾರಾಜರ ಕಡೆಗೆ. ಜರ್ಮನಿಯ ರಚನೆಕಾರ ರಿಚರ್ಡ್ ಸ್ಟ್ರಾಸ್ ತಮ್ಮ ಎಂಬತ್ತನಾಲ್ಕನೆಯ ವಯಸ್ಸಿನಲ್ಲಿ, 1948ರಲ್ಲಿ, ಬರೆದ ನಾಲ್ಕು ಹಾಡುಗಳಿವೆ. ಅವನ್ನು ಕಿರ್ಸ್ಟನ್ ಫ್ಲಾಗ್‌ಸ್ಟಡ್ ಹಾಡಬೇಕೆಂದು ಅವರ ಆಸೆ. ಮುಂದಿನ ವರ್ಷವೇ ಸ್ಟ್ರಾಸ್ ತೀರಿಕೊಂಡರು. 1950ರ ಮೇ 22ರಂದು ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನಲ್ಲಿ ಫುರ್ಟ್‌ವೆಂಗ್ಲರ್ ನಿರ್ದೇಶನದಲ್ಲಿ, ಫಿಲ್‌ಹಾರ್ಮೋನಿಯಾದ ಜೊತೆ, ಫ್ಲಾಗ್‌ಸ್ಟಡ್ ಅವನ್ನು ಹಾಡಿದರು. ಆ ಕಛೇರಿಗೆ 4,800 ಡಾಲರಿನ ಖಾತರಿ ಕೊಟ್ಟವರು ಜಯಚಾಮರಾಜೇಂದ್ರರು. ಆಗ ಅವರು ಮಹಾರಾಜರ ಅಧಿಕಾರ ಕಳೆದು ಮೈಸೂರಿನ ರಾಜಪ್ರಮುಖರಾಗಿದ್ದರು. ಕಛೇರಿಯನ್ನು ತಟ್ಟೆಗೆ ಇಳಿಸಿ ಮೈಸೂರಿಗೆ ಕಳಿಸಬೇಕೆಂಬುದು ಅವರ ಕೋರಿಕೆ. ಅವರ ಸಂಗ್ರಹದಲ್ಲಿ ಆಗಲೇ 20,000 ತಟ್ಟೆ ಇದ್ದವೆಂದು ಅಂದಾಜು.

ಆ ಸಂಜೆಯ ಮುದ್ರಣ ಈಗಲೂ ಕೇಳಸಿಗುತ್ತದೆ. ತಟ್ಟೆಗಳು ಬಹಳ ಸವೆದ ಮೇಲೆ ಎಲ್‌ಪಿಗೆ ಇಳಿಸಿದ್ದರಿಂದ ಕರಕರ ಸದ್ದು ಹೆಚ್ಚು, ಆಮೇಲಿನ ಸಿಡಿಗಳಲ್ಲಿ ಕೊಂಚ ತಿಳಿಯಾಗಿದೆ. ಮೊದಲ ಸಲ ಕೇಳುವವರು ಆ ಸದ್ದಿಗೆ ಹೆದರಿ ಅರ್ಧಕ್ಕೆ ನಿಲ್ಲಿಸಬಾರದು. ಎರಡನೆಯ ಹಾಡಿನ ಹೊತ್ತಿಗೆ ಕಿವಿ ಒಗ್ಗುತ್ತದೆ. ಮೆಟ್ನರ್‌ರನ್ನು ಕೇಳಲು ಮೂರನೆಯ ಕನ್ಚೆರ್ಟೊದಿಂದ ಶುರುಮಾಡಬೇಡಿ, ಅದು ಒಮ್ಮೆಗೇ ಒಲಿಯುವಂಥದ್ದಲ್ಲ. ಶ್ವಾರ್ಟ್ಸ್‌ಕೋಫ್ ಹಾಡಿ ಮೆಟ್ನರ್ ನುಡಿಸಿದ ಪುಶ್ಕಿನ್ ಕವಿತೆಯ ಹಾಡಿನಿಂದ ತೊಡಗಿ. ಧ್ವನಿಯನ್ನು ಬಿಟ್ಟು ಪಿಯಾನೊದ ಎಡಗೈಯ ಬೆನ್ನು ಹತ್ತಿ. ಕೀಬೋರ್ಡ್ ಕಲಿಯುವ ಮಕ್ಕಳು ಮನೆಯಲ್ಲಿದ್ದರೆ ಅವರನ್ನೂ ಪಕ್ಕದಲ್ಲಿ ಕೂರಿಸಿಕೊಳ್ಳಿ, ಎಡಗೈ ಎಲ್ಲಿ ಏನು ಮಾಡುತ್ತಿದೆ ಎಂದು ನಿಮಗಿಂತ ಮೊದಲು ಅವರಿಗೇ ಗೊತ್ತಾಗುತ್ತದೆ.